ಕಲಬುರಗಿಯಲ್ಲಿ ದೊಡ್ಡ ಗೋದಾಮು ಬಾಡಿಗೆಗೆ ಹಿಡಿಯುವ ಮುನ್ನ

ಡಿಸೆಂಬರ್ ಕಳೆಯುತ್ತಿದ್ದಂತೆ ತೊಗರಿಯ ರಾಶಿ ಮುಗಿದು ಚೀಲಗಳು ಗಂಜ್‌ನತ್ತ, ಅಂದರೆ ಧಾನ್ಯದ ಮಾರುಕಟ್ಟೆಯತ್ತ, ಹೊರಡುತ್ತವೆ. ಆಗ ಕಲಬುರಗಿಯ ವ್ಯಾಪಾರಿಗಳ ಬಾಯಲ್ಲಿ ಎರಡೇ ಪ್ರಶ್ನೆ: ಇವತ್ತಿನ ದರ ಎಷ್ಟು, ಗೋದಾಮು ಎಲ್ಲಾದರೂ ಖಾಲಿ ಇದೆಯೇ? ಎರಡನೆಯ ಪ್ರಶ್ನೆಯನ್ನು ಜನವರಿಯಲ್ಲಿ ಕೇಳಿದರೆ ತಡವಾಯಿತೆಂದೇ ಲೆಕ್ಕ. ಬೆಂಬಲ ಬೆಲೆಯ ಖರೀದಿ ಆರಂಭವಾದರೆ ಉಗ್ರಾಣ ನಿಗಮಗಳ ಗೋದಾಮುಗಳು ತುಂಬುತ್ತವೆ. ದಾಲ್ ಮಿಲ್‌ಗಳು ತಮ್ಮ ಶೆಡ್‌ಗಳನ್ನು ತಾವೇ ತುಂಬಿಕೊಳ್ಳುತ್ತವೆ. ಉಳಿದ ಖಾಸಗಿ ಗೋದಾಮಿನ ಮಾಲೀಕರು ಹೇಳಿದ್ದೇ ಬಾಡಿಗೆ, ಹಾಕಿದ್ದೇ ಕರಾರು. ನಾಲ್ಕಾರು ಮಂದಿ ಕಾದು ನಿಂತಿರುವಾಗ ನೆಲ ನೋಡಲು, ಕಾಗದ ಓದಲು ನಿಮಗೆ ಪುರಸೊತ್ತು ಕೊಡುವವರು ಯಾರೂ ಇರುವುದಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ತಿಂಗಳಿನದು. ಗೋದಾಮನ್ನು ಸೆಪ್ಟೆಂಬರ್‌ನಲ್ಲಿ ಹುಡುಕಿ. ಆಗ ಮಾಲು ಕಡಿಮೆ, ಮಾಲೀಕರಿಗೆ ಮಾತನಾಡುವ ಮನಸ್ಸು ಇರುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಮಳೆ. ಸೋರುವ ತಗಡು, ನೀರು ನಿಲ್ಲುವ ಅಂಗಳ, ಕೆಸರಿನಲ್ಲಿ ಹೂತುಕೊಳ್ಳುವ ದಾರಿ, ಇವೆಲ್ಲ ಏಪ್ರಿಲ್‌ನ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ನಾನು ಬೇಳೆಕಾಳಿನ ವ್ಯಾಪಾರದಲ್ಲಿ ಇರುವುದರಿಂದ ಉದಾಹರಣೆಗಳೆಲ್ಲ ಚೀಲದ ಸುತ್ತಲೇ ಬರುತ್ತವೆ. ಸಿಮೆಂಟ್, ಗೊಬ್ಬರ, ಹತ್ತಿ, ಔಷಧ, ಆನ್‌ಲೈನ್ ಮಾರಾಟದ ಸರಕು, ಏನನ್ನೇ ಇಡುವವರಿಗೂ ಹೆಜ್ಜೆಗಳು ಹೆಚ್ಚುಕಡಿಮೆ ಇವೇ.

ಚದರ ಅಡಿಯಲ್ಲ, ಚೀಲ

ದಲಾಲರು ಗೋದಾಮಿನ ಮಾತು ತೆಗೆದರೆ ಮೊದಲು ಹೇಳುವುದು ಚದರ ಅಡಿಗೆ ಇಷ್ಟು ರೂಪಾಯಿ ಎಂದು. ಆ ಅಂಕಿಯನ್ನು ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ. ನಿಮಗೆ ಬೇಕಾದ ಅಂಕಿ ಬೇರೆ. ಒಂದು ಚೀಲ ಲಾರಿಯಿಂದ ಇಳಿದು, ಒಳಗೆ ಇದ್ದು, ಮತ್ತೆ ಲಾರಿ ಹತ್ತುವವರೆಗೆ ಎಷ್ಟು ಖರ್ಚಾಗುತ್ತದೆ ಎಂಬುದು.

ಲೆಕ್ಕಕ್ಕೆಂದು ಎರಡು ಗೋದಾಮು ಇಟ್ಟುಕೊಳ್ಳೋಣ, ಎರಡೂ 20,000 ಚದರ ಅಡಿ. ಒಂದು ಹಳೆಯ ಬಡಾವಣೆಯ ಒಳಗಿದೆ, ಬಾಡಿಗೆ ಅಡಿಗೆ 10 ರೂಪಾಯಿ, ತಿಂಗಳಿಗೆ 2 ಲಕ್ಷ. ಇನ್ನೊಂದು ವರ್ತುಲ ರಸ್ತೆಗೆ ಅಂಟಿಕೊಂಡಿದೆ, ಅಡಿಗೆ 13 ರೂಪಾಯಿ, ತಿಂಗಳಿಗೆ 2.6 ಲಕ್ಷ. ಮೊದಲನೆಯದಕ್ಕೆ ದೊಡ್ಡ ಲಾರಿ ಹೋಗುವುದಿಲ್ಲ. ಮುಖ್ಯರಸ್ತೆಯಲ್ಲಿ ನಿಲ್ಲಿಸಿ, ಸಣ್ಣ ಗಾಡಿಗೆ ಮಾಲು ಬದಲಿಸಿ, ಒಳಗೆ ಒಯ್ಯಬೇಕು. ತಿಂಗಳಿಗೆ 8,000 ಕ್ವಿಂಟಲ್ ಮಾಲು ಬಂದರೆ 50 ಕಿಲೋದ 16,000 ಚೀಲಗಳಾಗುತ್ತವೆ. ಈ ಬದಲಾವಣೆಗೆ ಗಾಡಿ ಬಾಡಿಗೆ ಮತ್ತು ಹಮಾಲಿ ಸೇರಿ ಚೀಲಕ್ಕೆ 10 ರೂಪಾಯಿ ಹಿಡಿದರೂ 1.6 ಲಕ್ಷ ಆಯಿತು. ಅಗ್ಗವೆಂದುಕೊಂಡ ಗೋದಾಮು 3.6 ಲಕ್ಷಕ್ಕೆ ಬಿತ್ತು. ಮಾಲು ಹೊರಗೆ ಹೋಗುವಾಗಿನ ಖರ್ಚನ್ನು ನಾನು ಇನ್ನೂ ಸೇರಿಸಿಲ್ಲ.

ನಿಮ್ಮ ಹಮಾಲಿ ದರ ಮತ್ತು ಗಾಡಿ ಬಾಡಿಗೆ ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಿ. ಮನೆಯಲ್ಲಿ ಕೂತು ಅರ್ಧ ಗಂಟೆ ಮಾಡುವ ಈ ಕೆಲಸ ಮುಂದಿನ ಐದಾರು ವರ್ಷದ ಲಾಭನಷ್ಟವನ್ನು ನಿರ್ಧರಿಸುತ್ತದೆ.

ಎಷ್ಟು ಜಾಗ ಬೇಕು ಎಂಬುದಕ್ಕೆ ನನ್ನ ಅಂದಾಜು ಹೀಗಿದೆ. ಚೀಲಗಳನ್ನು ಎತ್ತರಕ್ಕೆ ಥಪ್ಪಿ ಹಾಕಿ (ಒಂದರ ಮೇಲೊಂದು ಪೇರಿಸಿ), ನಡುವೆ ಓಡಾಡುವ ದಾರಿ ಬಿಟ್ಟರೆ, ಧಾನ್ಯಕ್ಕೆ ಟನ್ನಿಗೆ ಸುಮಾರು 6 ಚದರ ಅಡಿ ಬೇಕಾಗುತ್ತದೆ. ಎಲ್ಲ ಮಾಲೂ ಒಂದೇ ಬಗೆಯದಾಗಿದ್ದರೆ ಈ ಲೆಕ್ಕ ಸರಿ. ಹತ್ತು ಬಗೆಯ ಮಾಲನ್ನು ಬೇರೆ ಬೇರೆ ಇಡಬೇಕಾದರೆ, ಚೀಲ ಹೊಲಿಯಲು, ತೂಗಲು, ಹಸನು ಮಾಡಲು ಜಾಗ ಬೇಕಾದರೆ ಒಂದೂವರೆ ಪಟ್ಟು ಹಿಡಿಯಿರಿ.

ಯಾವ ರಸ್ತೆಯ ಮೇಲೆ

‘ಒಳ್ಳೆಯ ಸಂಪರ್ಕ’ ಎಂಬ ಮಾತನ್ನು ಜಾಹೀರಾತುಗಳು ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬುದರಲ್ಲಿ ಅಳೆಯುತ್ತವೆ. ಗೋದಾಮಿಗೆ ಆ ಅಳತೆಯಿಂದ ಪ್ರಯೋಜನವಿಲ್ಲ. ನಿಮ್ಮ ಮಾಲು ಯಾವ ದಿಕ್ಕಿನಿಂದ ಬರುತ್ತದೆ, ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಗೆರೆ ಎಳೆದು ನೋಡಿ.

ಕಲಬುರಗಿಗೆ ರಾಷ್ಟ್ರೀಯ ಹೆದ್ದಾರಿ 50 ಬೆನ್ನೆಲುಬು. ಬೀದರ್, ಹುಮನಾಬಾದ್ ಕಡೆಯಿಂದ ಬಂದು ಜೇವರ್ಗಿ, ವಿಜಯಪುರದತ್ತ ಹೋಗುತ್ತದೆ. ಸುಮಾರು 60 ಕಿಲೋಮೀಟರ್ ದೂರದ ಹುಮನಾಬಾದ್‌ನಲ್ಲಿ ಅದು ಪುಣೆ, ಸೊಲ್ಲಾಪುರ, ಹೈದರಾಬಾದ್ ಜೋಡಿಸುವ ಹೆದ್ದಾರಿ 65ನ್ನು ಕೂಡುತ್ತದೆ. ಹೈದರಾಬಾದ್, ಪುಣೆ, ಮುಂಬೈ ಮಾರುಕಟ್ಟೆಗೆ ಕಳುಹಿಸುವವರಿಗೆ ಊರಿನ ಉತ್ತರ ಬದಿ, ಅಂದರೆ ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶ ಮತ್ತು ಅದರ ಸುತ್ತಮುತ್ತ ಅನುಕೂಲ. ಶಹಾಬಾದ್, ವಾಡಿ, ಯಾದಗಿರಿ ಕಡೆ ವ್ಯವಹಾರ ಇರುವವರಿಗೆ ನಂದೂರು-ಕೆಸರಟಗಿ ಕೈಗಾರಿಕಾ ಪ್ರದೇಶ ಹತ್ತಿರ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳು ಈ ಭಾಗದ ರಸ್ತೆಗಳಲ್ಲಿ ಸದಾ ಓಡಾಡುತ್ತವೆ. ಇದರಲ್ಲಿ ಎರಡು ಮುಖ ಇದೆ. ಲಾರಿ ಬೇಕಾದಾಗ ಸುಲಭವಾಗಿ ಸಿಗುತ್ತದೆ, ಆದರೆ ರಸ್ತೆಯ ಮೇಲ್ಮೈ ಬೇಗ ಕೆಡುತ್ತದೆ.

ರೈಲಿನಲ್ಲಿ ಮಾಲು ಕಳುಹಿಸುವವರಿಗೆ ಕಲಬುರಗಿ ಮುಂಬೈ-ಚೆನ್ನೈ ಮುಖ್ಯ ಮಾರ್ಗದಲ್ಲಿರುವುದು ದೊಡ್ಡ ವರ. ವಾಡಿಯಿಂದ ಸಿಕಂದರಾಬಾದ್ ಕಡೆಗೆ ಕವಲು ಇದೆ, 2017ರ ಅಕ್ಟೋಬರ್‌ನಿಂದ ಬೀದರ್-ಕಲಬುರಗಿ ಮಾರ್ಗವೂ ತೆರೆದಿದೆ. ಆದರೆ ಪೂರ್ತಿ ರೇಕ್, ಅಂದರೆ ಇಡೀ ಗೂಡ್ಸ್ ರೈಲು, ತುಂಬುವಷ್ಟು ಮಾಲು ನಿಮ್ಮಲ್ಲಿ ಇಲ್ಲದಿದ್ದರೆ ಗೂಡ್ಸ್ ಶೆಡ್ ಹತ್ತಿರವಿದೆ ಎಂಬ ಕಾರಣಕ್ಕೆ ಹೆಚ್ಚು ಬಾಡಿಗೆ ಕೊಡಬೇಡಿ. 2019ರಲ್ಲಿ ಆರಂಭವಾದ ವಿಮಾನ ನಿಲ್ದಾಣವನ್ನು ತೋರಿಸಿ ಬಾಡಿಗೆ ಏರಿಸುವವರಿಗೂ ಇದೇ ಉತ್ತರ.

ಬೀದರ್‌ನಲ್ಲಿ ಹುಡುಕುವವರು ಕೊಳಾರ, ನೌಬಾದ್ ಕೈಗಾರಿಕಾ ಪ್ರದೇಶಗಳನ್ನೂ ಹುಮನಾಬಾದ್ ಅನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡಬೇಕು. ಯಾದಗಿರಿಯವರಿಗೆ ಕಡೇಚೂರು ಇದೆ, ಅಲ್ಲಿ ಜಾಗ ವಿಶಾಲ.

ಸ್ಥಳ ನೋಡಲು ಕಾರಿನಲ್ಲಿ ಹೋಗಬೇಡಿ, ಅಥವಾ ಕಾರಿನಲ್ಲಿ ಒಮ್ಮೆ ಹೋದ ಮೇಲೆ ಲಾರಿಯಲ್ಲಿ ಇನ್ನೊಮ್ಮೆ ಹೋಗಿ. ಕಳೆದ ಬಾರಿ ನಾನು ಪರಿಚಯದ ಚಾಲಕರೊಬ್ಬರನ್ನು ಖಾಲಿ 12 ಚಕ್ರದ ಲಾರಿಯೊಂದಿಗೆ ಕರೆದುಕೊಂಡು ಹೋಗಿದ್ದೆ. ಗೇಟು 20 ಅಡಿ ಅಗಲವಿತ್ತು, ನೋಡಲು ಧಾರಾಳ. ಆದರೆ ಗೇಟಿನ ಎದುರಿನ ರಸ್ತೆ ಕಿರಿದು, ಆಚೆ ಬದಿ ವಿದ್ಯುತ್ ಕಂಬ. ಚಾಲಕರು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಎಂದು ಐದು ಬಾರಿ ತಿರುಗಿಸಿದ ಮೇಲೆ ಲಾರಿ ಒಳಗೆ ಬಂತು. ಅಷ್ಟರಲ್ಲಿ ಹಿಂದೆ ಎರಡು ಟ್ರ್ಯಾಕ್ಟರ್, ಒಂದು ಶಾಲಾ ಬಸ್ ನಿಂತಿದ್ದವು. ಚಾಲಕರು ಕೆಳಗಿಳಿದು ಒಂದೇ ಮಾತು ಹೇಳಿದರು: ‘ರಾತ್ರಿ ಹೊತ್ತು, ಮಾಲು ತುಂಬಿಕೊಂಡು ನಾನು ಇಲ್ಲಿಗೆ ಬರುವುದಿಲ್ಲ.’ ನಾನು ಆ ಗೋದಾಮು ಬಿಟ್ಟೆ. ಒಳಗಡೆ ಅದು ಎಷ್ಟು ಚೆನ್ನಾಗಿತ್ತೆಂದರೆ ಇವತ್ತಿಗೂ ಮನಸ್ಸಿಗೆ ಬೇಸರವಾಗುತ್ತದೆ.

ಊರಿನೊಳಗೆ ಭಾರಿ ವಾಹನಗಳ ಪ್ರವೇಶಕ್ಕೆ ಯಾವ ಹೊತ್ತಿನಲ್ಲಿ ನಿರ್ಬಂಧವಿದೆ ಎಂಬುದನ್ನು ಸಂಚಾರ ಪೊಲೀಸ್ ಠಾಣೆಯಲ್ಲಿ ನೀವೇ ಕೇಳಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್ ದಿನಗಳಲ್ಲಿ ಆ ಭಾಗದ ರಸ್ತೆಗಳು ಜನರಿಂದ ತುಂಬಿರುತ್ತವೆ. ನಿಮ್ಮ ದಾರಿ ಅತ್ತ ಹಾಯುತ್ತದೆಯೇ ಎಂಬುದನ್ನೂ ನೋಡಿ.

ಒಳಗೆ ಕಾಲಿಟ್ಟ ಮೇಲೆ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಲ್ಲಿ ಅವಸರ ಮಾಡಿದ್ದರಿಂದಲೇ ನಾನು ಒಂದು ಹಂಗಾಮಿನ ಮಾಲು ಕೆಡಿಸಿಕೊಂಡಿದ್ದೇನೆ. ಹೊಸದಾಗಿ ಬಣ್ಣ ಬಳಿದ ಗೋದಾಮು, ನೆಲಕ್ಕೆ ಹೊಳೆಯುವ ಸಿಮೆಂಟ್. ಜನವರಿಯಲ್ಲಿ ತೊಗರಿ ತುಂಬಿದೆ, ಆಗಸ್ಟ್‌ನಲ್ಲಿ ಥಪ್ಪಿ ಬಿಚ್ಚಿದೆ. ಮೇಲಿನ ಚೀಲಗಳೆಲ್ಲ ಸರಿಯಾಗಿದ್ದವು. ಕೆಳಗಿನ ಎರಡು ಸಾಲುಗಳನ್ನು ಎತ್ತಿದರೆ ಚೀಲದ ತಳ ಕಪ್ಪಾಗಿತ್ತು. ಕೈಯಿಟ್ಟರೆ ಕಾಳು ಒಂದಕ್ಕೊಂದು ಅಂಟಿ ಹೆಂಟೆಯಾಗಿ ಬರುತ್ತಿತ್ತು, ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನೀರು ಮೇಲಿನಿಂದ ಸೋರಿರಲಿಲ್ಲ, ನೆಲದಿಂದ ಏರಿತ್ತು.

ನಮ್ಮದು ಎರೆ ಭೂಮಿ. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಕಪ್ಪು ಮಣ್ಣನ್ನು ಸಾಕಷ್ಟು ಆಳಕ್ಕೆ ತೆಗೆದು, ಮೊರಂ (ಗರಸು ಮಣ್ಣು) ತುಂಬಿ, ಚೆನ್ನಾಗಿ ಒತ್ತಿ, ಅದರ ಮೇಲೆ ತೇವ ತಡೆಯುವ ಹಾಳೆ ಹಾಸಿ ಕಾಂಕ್ರೀಟ್ ಹಾಕಿದ್ದರೆ ನೆಲ ನಿಲ್ಲುತ್ತದೆ. ಖರ್ಚು ಉಳಿಸಿದ್ದರೆ ನೆಲವೇ ಅದನ್ನು ಹೇಳುತ್ತದೆ. ಕಂಬಗಳ ಸಾಲಿನುದ್ದಕ್ಕೂ ಬಿರುಕು ಓಡಿದೆಯೇ, ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಿದೆಯೇ ನೋಡಿ. ಶಟರ್ ಎಳೆದು ಮುಚ್ಚಿ. ಒಂದು ಮೂಲೆ ನೆಲ ಮುಟ್ಟಿ ಇನ್ನೊಂದು ಮೂಲೆಯಲ್ಲಿ ಬೆಳಕು ಕಂಡರೆ ಅಡಿಪಾಯ ಅಲುಗಾಡಿದೆ ಎಂದು ತಿಳಿಯಿರಿ.

ತೇವ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಒಂದೊಂದು ಮೀಟರ್ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ತೆಗೆದುಕೊಂಡು ಹೋಗಿ. ನೆಲದ ನಾಲ್ಕಾರು ಕಡೆ, ಮುಖ್ಯವಾಗಿ ಗೋಡೆಯ ಪಕ್ಕ ಮತ್ತು ನಡುಮಧ್ಯದಲ್ಲಿ ಹಾಸಿ, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ. ಮರುದಿನ ಬಂದು ಎತ್ತಿ. ಹಾಳೆಯ ಒಳಮುಖದಲ್ಲಿ ಹನಿ ಕೂತಿದ್ದರೆ, ಅಥವಾ ಅದರ ಕೆಳಗಿನ ಸಿಮೆಂಟ್ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ನೆಲದಿಂದ ತೇವ ಏರುತ್ತಿದೆ. ಮಾಲೀಕರು ಇದಕ್ಕೆ ಒಂದು ರಾತ್ರಿ ಅವಕಾಶ ಕೊಡದಿದ್ದರೆ ಅದನ್ನೇ ಉತ್ತರವೆಂದು ತೆಗೆದುಕೊಳ್ಳಿ.

ಚಾವಣಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ನಡುಮಧ್ಯಾಹ್ನ ಎಲ್ಲ ಶಟರ್ ಮುಚ್ಚಿಸಿ ಒಳಗೆ ಐದು ನಿಮಿಷ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಲೆ ಎತ್ತಿದರೆ ತಗಡಿನ ಪ್ರತಿಯೊಂದು ತೂತೂ ನಕ್ಷತ್ರದಂತೆ ಹೊಳೆಯುತ್ತದೆ. ಎಣಿಸಿ, ಯಾವ ಸಾಲಿನಲ್ಲಿ ಎಂದು ಗುರುತು ಹಾಕಿಕೊಳ್ಳಿ, ದುರಸ್ತಿಯ ಪಟ್ಟಿಗೆ ಸೇರಿಸಿ. ಅದೇ ಐದು ನಿಮಿಷದಲ್ಲಿ ಸೆಕೆಯೂ ಗೊತ್ತಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ ತಗಡಿನ ಕೆಳಗೆ ಹಮಾಲರು ಕೆಲಸ ಮಾಡಬೇಕು. ಗಾಳಿಗೆ ತಿರುಗುವ ಚಾವಣಿ ಫ್ಯಾನುಗಳು, ಗೋಡೆಯ ಮೇಲ್ಭಾಗದಲ್ಲಿ ಜಾಲರಿ ಹಾಕಿದ ಕಿಂಡಿಗಳು ಇರಲೇಬೇಕು. ಕುಡಿಯುವ ನೀರು, ಶೌಚಾಲಯ, ನೆರಳಿನಲ್ಲಿ ಕೂರಲು ಒಂದು ಜಾಗ ಇದೆಯೇ ಎಂದು ನೋಡುವುದನ್ನು ಬಹಳ ವ್ಯಾಪಾರಿಗಳು ಮರೆಯುತ್ತಾರೆ. ಹೆಗಲ ಮೇಲೆ ನಮ್ಮ ಮಾಲು ಹೊರುವವರ ವಿಷಯದಲ್ಲಿ ಈ ಮರೆವು ನನಗೆ ಸಹಿಸಲಾಗದ ಸಂಗತಿ.

ನೆಲಮಟ್ಟ ಅಂಗಳಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಲಾರಿಯ ಹಲಗೆಗೆ ಸರಿಸಮವಾಗಿ ಸುಮಾರು 4 ಅಡಿ ಎತ್ತರದ ಕಟ್ಟೆ ಇದ್ದರೆ ಹಮಾಲಿ ಸಲೀಸು, ನೀರಿನ ಭಯವೂ ಕಡಿಮೆ. ಫೋರ್ಕ್‌ಲಿಫ್ಟ್ ಓಡಿಸುವವರು, ಎತ್ತರದ ಕಬ್ಬಿಣದ ಕಪಾಟು ಹಾಕುವವರು ನೆಲ ಪ್ರತಿ ಚದರ ಮೀಟರ್‌ಗೆ ಎಷ್ಟು ಟನ್ ತಾಳುತ್ತದೆ ಎಂಬುದನ್ನು ಕಟ್ಟಡದ ಎಂಜಿನಿಯರ್‌ನಿಂದ ಬರೆಸಿಕೊಳ್ಳಬೇಕು. ಚೀಲದ ಥಪ್ಪಿಗೆ ಒಳಗಿನ ಎತ್ತರ 18, 20 ಅಡಿ ಸಾಕು. ಕಪಾಟುಗಳಿಗೆ 30 ಅಡಿಗಿಂತ ಹೆಚ್ಚು ಬೇಕಾಗುತ್ತದೆ. ಶಹಾಬಾದ್ ಕಲ್ಲಿನ ನೆಲ ನೋಡಲು ಚೆಂದ, ತಂಪು ಕೂಡ, ಆದರೆ ಸಂದುಗಳಲ್ಲಿ ಕಾಳು ಸಿಕ್ಕಿಕೊಂಡು ಹುಳ ಹುಟ್ಟುತ್ತದೆ. ಸಂದು ತುಂಬಿಸಿದ್ದಾರೆಯೇ ನೋಡಿ.

ಧಾನ್ಯ ಇಡುವವರು ಸುತ್ತಲಿನ ಮನೆಗಳನ್ನೂ ಗಮನಿಸಬೇಕು. ಹುಳಕ್ಕೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಹೊರಡುವ ಅನಿಲ ಮನುಷ್ಯರ ಜೀವ ತೆಗೆಯಬಲ್ಲದು. ಗೋಡೆಗೆ ಗೋಡೆ ಅಂಟಿದ ಮನೆ ಇದ್ದರೆ ಅಲ್ಲಿ ಅದನ್ನು ಬಳಸುವ ಮಾತೇ ಬೇಡ, ಬೇರೆ ಗೋದಾಮು ನೋಡಿ. ತರಬೇತಿ ಮತ್ತು ಅನುಮತಿ ಇರುವವರಿಂದ ಮಾತ್ರ ಆ ಕೆಲಸ ಮಾಡಿಸಿ.

ಕೊನೆಗೆ ಟೇಪು ಹಿಡಿಯಿರಿ. 100 ಅಡಿಗೆ 200 ಅಡಿ ಎಂದು ಮಾಲೀಕರು ಹೇಳುವುದು ಹೊರಗೋಡೆಯ ಅಳತೆ. 9 ಅಂಗುಲದ ಗೋಡೆ ಎರಡೂ ಬದಿ ಕಳೆದರೆ ಒಳಗೆ ಉಳಿಯುವುದು 98.5 ಅಡಿಗೆ 198.5 ಅಡಿ. 448 ಚದರ ಅಡಿ ಕಡಿಮೆ. ಅಡಿಗೆ 13 ರೂಪಾಯಿಯಂತೆ ತಿಂಗಳಿಗೆ 5,824 ರೂಪಾಯಿ, ವರ್ಷಕ್ಕೆ ಹೆಚ್ಚುಕಡಿಮೆ 70 ಸಾವಿರ. ಯಾವ ಅಳತೆಗೆ ಬಾಡಿಗೆ ಎಂಬುದು ಕರಾರಿನಲ್ಲಿ ಬರಬೇಕು.

ಕಾಗದಗಳು

ಮಾಲೀಕರು ಪರಿಚಯದವರು, ಮರ್ಯಾದಸ್ಥರು ಎಂಬುದು ಒಳ್ಳೆಯ ವಿಷಯ. ಕಾಗದ ನೋಡುವುದು ಅವರ ಮೇಲಿನ ಅಪನಂಬಿಕೆಯಲ್ಲ.

ಜಾಗ ಕೃಷಿಯೇತರವಾಗಿದೆಯೇ ಎಂಬುದು ಮೊದಲ ಪ್ರಶ್ನೆ. ನಮ್ಮಲ್ಲಿ ಇದನ್ನು ಎಲ್ಲರೂ ‘ಎನ್‌ಎ ಆಗಿದೆಯೇ’ ಎಂದೇ ಕೇಳುತ್ತಾರೆ. ಊರಂಚಿನ ಎಷ್ಟೋ ಶೆಡ್‌ಗಳು ಇನ್ನೂ ಪಹಣಿಯಲ್ಲಿ ಹೊಲವಾಗಿಯೇ ಇರುತ್ತವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆದ ಪರಿವರ್ತನೆಯ ಆದೇಶ ಕೇಳಿ, ಅದರಲ್ಲಿ ಉದ್ದೇಶ ವಸತಿ ಎಂದಿದೆಯೋ, ಕೈಗಾರಿಕೆ ಅಥವಾ ವಾಣಿಜ್ಯ ಎಂದಿದೆಯೋ ಓದಿ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ಹಾಕಿ, ಹಳ್ಳ ಅಥವಾ ಸರ್ಕಾರಿ ಜಮೀನು ಸೇರಿಕೊಂಡಿದೆಯೇ ನೋಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು, ಪಾಲಿಕೆ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ ಮತ್ತು ತೆರಿಗೆ ರಸೀದಿ ಪಡೆಯಿರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರವನ್ನು (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಪತ್ರ) ನೀವೇ ತೆಗೆಸಿ, ಮಾಲೀಕರು ಕೊಟ್ಟ ನಕಲಿನ ಮೇಲೆ ನಿಲ್ಲಬೇಡಿ. 1948ಕ್ಕೆ ಮುಂಚೆ ಇದು ನಿಜಾಮರ ರಾಜ್ಯವಾಗಿದ್ದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿ ಇರುತ್ತವೆ. ತಕರಾರಿರುವ ಜಾಗವಾದರೆ ಅವನ್ನು ಓದಬಲ್ಲ ವಕೀಲರಿಗೆ ತೋರಿಸಿ.

ಆಸ್ತಿ ಬ್ಯಾಂಕಿಗೆ ಅಡವಾಗಿದ್ದರೆ ಎಚ್ಚರ ಹೆಚ್ಚಿರಲಿ. ಅಡವಿಟ್ಟ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಕೊಟ್ಟ ಗುತ್ತಿಗೆ, ನಾಳೆ ಸಾಲ ವಸೂಲಿಗಾಗಿ ಇರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ಬಂದಾಗ, ನಿಮ್ಮನ್ನು ಕಾಪಾಡುವುದು ಕಷ್ಟ. ಬ್ಯಾಂಕಿನ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನದಲ್ಲಿರುವ ಶೆಡ್ ಆದರೆ ಬಾಡಿಗೆಗೆ ಕೊಡಲು ಮಂಡಳಿಯ ಲಿಖಿತ ಅನುಮತಿ ಇದೆಯೇ ಕೇಳಿ. ದಾಲ್ ಮಿಲ್ ನಡೆಸುತ್ತೇವೆಂದು ಪಡೆದ ನಿವೇಶನವನ್ನು ಗೋದಾಮಾಗಿ ಬಾಡಿಗೆಗೆ ಬಿಡುವುದು ತನ್ನಷ್ಟಕ್ಕೆ ಸಕ್ರಮವಾಗುವುದಿಲ್ಲ.

ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಚಾಲ್ತಿಯಲ್ಲಿದೆಯೇ, ನೀರಿನ ತೊಟ್ಟಿ ಮತ್ತು ಪಂಪು ನಿಜವಾಗಿ ಕೆಲಸ ಮಾಡುತ್ತವೆಯೇ ನೋಡಿ. ಪಂಪು ಚಾಲೂ ಮಾಡಿಸಿ ನೋಡಿ, ಕಾಗದ ಬೆಂಕಿ ಆರಿಸುವುದಿಲ್ಲ. ಆಹಾರ ಪದಾರ್ಥ ಇಡುವವರಿಗೆ ಆ ವಿಳಾಸಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇಕು. ಬೇರೆಯವರ ಧಾನ್ಯ ಇಟ್ಟುಕೊಂಡು ಅಡಮಾನ ಸಾಲಕ್ಕೆ ವಿದ್ಯುನ್ಮಾನ ಉಗ್ರಾಣ ರಸೀದಿ ಕೊಡುವ ಯೋಚನೆ ಇದ್ದರೆ 2007ರ ಉಗ್ರಾಣ ಕಾಯ್ದೆಯಡಿ ನೋಂದಣಿ ಆಗಬೇಕು. ಆ ನೋಂದಣಿಗೆ ಏನೇನು ಬೇಕು ಎಂಬುದನ್ನು ಗುತ್ತಿಗೆಗೆ ಸಹಿ ಹಾಕುವ ಮುನ್ನವೇ ತಿಳಿದುಕೊಳ್ಳಿ.

ವಿದ್ಯುತ್ ಬಾಕಿಯನ್ನು ಮರೆಯಬೇಡಿ. ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಹಿಡಿದುಕೊಂಡು ವಿದ್ಯುತ್ ಕಂಪನಿ ಜೆಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಹಿಂದಿನ ಬಾಕಿ ಎಷ್ಟು, ಮಂಜೂರಾದ ಲೋಡ್ ಎಷ್ಟು, ಯಾವ ದರವರ್ಗದಲ್ಲಿದೆ ಎಂದು ಕೇಳಿ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಬಾಕಿ ಅದೇ ಮೀಟರಿಗೆ ಅಂಟಿಕೊಂಡು ಬರುತ್ತದೆ.

ಗುತ್ತಿಗೆ ಪತ್ರ

ಹನ್ನೊಂದು ತಿಂಗಳ ಕರಾರು ಬರೆದು ವರ್ಷವರ್ಷ ನವೀಕರಿಸುವುದು ನಮ್ಮ ಭಾಗದ ರೂಢಿ. ಮನೆಗೆ ಅದು ನಡೆಯುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಯಂತ್ರ, ಕಪಾಟು, ಸಿಬ್ಬಂದಿ ಸೇರಿಸುವ ಗೋದಾಮಿಗೆ ಅದು ಸಾಲದು. ಒಂದು ವರ್ಷ ಮೀರಿದ ಗುತ್ತಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾಗಲೇಬೇಕು. ನೋಂದಣಿಯಾಗದ ಐದು ವರ್ಷದ ಕರಾರು ಕೈಯಲ್ಲಿದ್ದರೆ ನ್ಯಾಯಾಲಯದಲ್ಲಿ ಆ ಐದು ವರ್ಷ ಸಾಬೀತಾಗುವುದಿಲ್ಲ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಅನ್ವಯವಾಗುತ್ತದೆ. ತಯಾರಿಕೆಯ ಉದ್ದೇಶದ ಗುತ್ತಿಗೆಗೆ ಆರು ತಿಂಗಳ ನೋಟಿಸ್ ಬೇಕು, ಉಳಿದ ಉದ್ದೇಶಗಳಿಗೆ, ಅಂದರೆ ಬರೀ ಮಾಲು ಇಡುವ ಗೋದಾಮಿಗೆ, ಹದಿನೈದು ದಿನದ ನೋಟಿಸ್ ಸಾಕು. ಹತ್ತು ಸಾವಿರ ಚೀಲವನ್ನು ಹದಿನೈದು ದಿನದಲ್ಲಿ ಎಲ್ಲಿಗೆ ಸಾಗಿಸುತ್ತೀರಿ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯೂ 14 ಚದರ ಮೀಟರ್‌ಗಿಂತ ದೊಡ್ಡ ವಾಣಿಜ್ಯ ಜಾಗಕ್ಕೆ ಸಿಗುವುದಿಲ್ಲ. ಮುದ್ರಾಂಕ ಶುಲ್ಕ ಉಳಿಸುವ ಆಸೆಗೆ ಈ ಅಪಾಯ ಹೊರಬೇಡಿ.

ಅವಧಿಯ ವಿಷಯದಲ್ಲಿ, ಮಾಲೀಕರು ಐದು ವರ್ಷ ಬಿಡಿಸುವಂತಿಲ್ಲ, ನೀವು ಮೊದಲ ಒಂದೆರಡು ವರ್ಷದ ನಂತರ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂಬಂತೆ ಬರೆಸಲು ಪ್ರಯತ್ನಿಸಿ. ಬಾಡಿಗೆ ಏರಿಕೆಯಲ್ಲಿ ಒಂದು ಸೂಕ್ಷ್ಮವಿದೆ. ವರ್ಷಕ್ಕೆ ಶೇ 5 ಎನ್ನುವುದೂ ಮೂರು ವರ್ಷಕ್ಕೊಮ್ಮೆ ಶೇ 15 ಎನ್ನುವುದೂ ಒಂದೇ ಎಂದು ಕೇಳಿಸುತ್ತದೆ. ತಿಂಗಳಿಗೆ 2.6 ಲಕ್ಷದ ಬಾಡಿಗೆಗೆ ಲೆಕ್ಕ ಹಾಕಿ ನೋಡಿ. ಮೊದಲ ಮೂರು ವರ್ಷದಲ್ಲೇ ಮೊದಲನೆಯ ಪದ್ಧತಿಯಲ್ಲಿ ನೀವು ಸುಮಾರು 4.75 ಲಕ್ಷ ಹೆಚ್ಚು ಕೊಟ್ಟಿರುತ್ತೀರಿ.

ಬಾಡಿಗೆ ಆರಂಭವಾಗುವ ದಿನ ಸಹಿ ಹಾಕಿದ ದಿನವಾಗಬಾರದು. ಸೋರಿಕೆ ದುರಸ್ತಿ, ವಿದ್ಯುತ್ ಜೋಡಣೆ, ಅಗ್ನಿಶಾಮಕ ಪತ್ರ ಎಲ್ಲ ಮುಗಿದು ಗೋದಾಮು ಕೈಗೆ ಬಂದ ದಿನವಾಗಬೇಕು. ನೆಲ, ಚಾವಣಿ, ಗೋಡೆಯ ದುರಸ್ತಿ ಮಾಲೀಕರದು, ಬಲ್ಬು, ಶಟರ್, ಬಣ್ಣ ನಿಮ್ಮದು ಎಂದು ಹೆಸರಿಟ್ಟು ಬರೆಯಿರಿ. ‘ದುರಸ್ತಿ ಪರಸ್ಪರ ಒಪ್ಪಿಗೆಯಂತೆ’ ಎಂಬ ಸಾಲನ್ನು ಹೊಡೆದುಹಾಕಿ. ಆಸ್ತಿ ತೆರಿಗೆ ಯಾರದು ಎಂಬುದೂ ಇರಲಿ. ಬೆಂಕಿ ಅಥವಾ ನೆರೆಯಿಂದ ಕಟ್ಟಡ ಬಹುಪಾಲು ಹಾಳಾದರೆ ಬಾಡಿಗೆದಾರರು ಗುತ್ತಿಗೆ ಮುಗಿಸಬಹುದು ಎಂದು ಕಾನೂನೇ ಹೇಳುತ್ತದೆ. ಆದರೆ ಅರ್ಧ ಗೋದಾಮು ಹೋದರೆ ಬಾಡಿಗೆ ಅರ್ಧವಾಗುತ್ತದೆಯೇ ಎಂಬುದನ್ನು ಕರಾರೇ ಹೇಳಬೇಕು. ಮಾಲೀಕರ ಕಟ್ಟಡದ ವಿಮೆ ನಿಮ್ಮ ಮಾಲಿಗೆ ಬರುವುದಿಲ್ಲ. ಬೆಂಕಿ, ಕಳವು, ಮಳೆ-ನೆರೆ ಸೇರಿಸಿ ದಾಸ್ತಾನಿನ ವಿಮೆಯನ್ನು ಬೇರೆಯಾಗಿ ಮಾಡಿಸಿ. ನೀವು ಹಾಕಿಸಿದ ಕಪಾಟು, ಫ್ಯಾನು, ತೂಕದ ಯಂತ್ರಗಳನ್ನು ಬಿಡುವಾಗ ಒಯ್ಯಬಹುದು ಎಂಬ ಸಾಲು, ಠೇವಣಿ ಎಷ್ಟು ದಿನದಲ್ಲಿ ವಾಪಸ್ ಎಂಬ ಸಾಲು, ಇವೆರಡೂ ಮರೆಯದಿರಲಿ.

ತೆರಿಗೆಯ ಹೊರೆ

ವಾಣಿಜ್ಯ ಬಾಡಿಗೆಗೆ ಶೇ 18 ಜಿಎಸ್‌ಟಿ ಇದೆ. 2.6 ಲಕ್ಷಕ್ಕೆ 46,800 ರೂಪಾಯಿ. ಹೇಳಿದ ಬಾಡಿಗೆಯಲ್ಲಿ ಇದು ಸೇರಿದೆಯೇ, ಮೇಲೆ ಬರುತ್ತದೆಯೇ ಎಂದು ಮೊದಲೇ ಬಿಡಿಸಿ ಕೇಳಿ. 2024ರ ಅಕ್ಟೋಬರ್ 10ರಿಂದ, ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, ಆ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕಾಗುತ್ತದೆ. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಂಪೋಸಿಷನ್) ಪದ್ಧತಿಯಲ್ಲಿರುವ ಬಾಡಿಗೆದಾರರಿಗೆ ಮಾತ್ರ ನಂತರ ವಿನಾಯಿತಿ ಸಿಕ್ಕಿತು.

ನಮ್ಮ ಬೇಳೆ ವ್ಯಾಪಾರಿಗಳಿಗೆ ಇಲ್ಲಿ ಒಂದು ಪೆಟ್ಟು ಕಾದಿರುತ್ತದೆ. 25 ಕಿಲೋ ಮೀರಿದ ಚೀಲದಲ್ಲಿ ಮಾರುವ ಬೇಳೆಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಮಾಲಿಗೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಆ ಶೇ 18 ಪೂರ್ತಿ ಖರ್ಚೇ. ಇನ್ನೊಂದು ಗೊಂದಲವೂ ಇದೆ. ಕೃಷಿ ಉತ್ಪನ್ನ ದಾಸ್ತಾನಿಡುವ ಸೇವೆಗೆ ವಿನಾಯಿತಿ ಇರುವುದು ನಿಜ, ಆದರೆ ಕಟ್ಟಡವನ್ನೇ ಬಾಡಿಗೆಗೆ ಪಡೆಯುವುದು ಬೇರೆ. ಅಲ್ಲದೆ ಒಡೆದು ಸಿಪ್ಪೆ ತೆಗೆದ ಬೇಳೆ ಆ ವಿನಾಯಿತಿಯ ಅರ್ಥದಲ್ಲಿ ಕೃಷಿ ಉತ್ಪನ್ನವಲ್ಲ. ಇಡೀ ತೊಗರಿ ಮತ್ತು ಬೇಳೆ ಎರಡನ್ನೂ ಇಡುವವರು ಲೆಕ್ಕಪರಿಶೋಧಕರ ಬಳಿ ಒಂದು ತಾಸು ಕೂರಲೇಬೇಕು. ನಿಮಗೆ ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಕಡಿತದ ಹೊಣೆ ಇದ್ದರೆ, 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದಾಗ ಶೇ 10 ಹಿಡಿದು ಕಟ್ಟಬೇಕು. ಇದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ, ಮೊದಲ ತಿಂಗಳಲ್ಲೇ ಮನಸ್ತಾಪ ಆಗುವುದು ತಪ್ಪುತ್ತದೆ.

ಕೀಲಿ ಕೈಗೆ ಬಂದ ದಿನ

ಕೀಲಿ ಪಡೆಯುವಾಗ ಮಾಲೀಕರನ್ನೋ ಅವರ ಗುಮಾಸ್ತರನ್ನೋ ಜೊತೆಗೆ ಇಟ್ಟುಕೊಂಡು ಇಡೀ ಗೋದಾಮಿನ ವಿಡಿಯೊ ಮಾಡಿ. ಮೀಟರಿನ ಅಂಕಿ, ನೆಲದ ಬಿರುಕು, ಒಡೆದ ಗಾಜು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಳೆಯ ಬೀಗಗಳನ್ನು ಬದಲಿಸಿ. ಹಿಂದಿನವರ ಚೀಲ, ಕಸ, ಉದುರಿದ ಕಾಳು ಒಂದೂ ಉಳಿಯದಂತೆ ಗುಡಿಸಿಸಿ, ಇಲಿಯ ಬಿಲಗಳನ್ನು ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮುಚ್ಚಿಸಿ.

ಮೊದಲ ಲಾರಿ ಬರುವ ಹಿಂದಿನ ದಿನ ಗೋಡೆಯಿಂದ ಎರಡೂವರೆ ಅಡಿ ಬಿಟ್ಟು ನಾಲ್ಕೂ ಬದಿಗೆ ಸುಣ್ಣದ ಗೆರೆ ಎಳೆಸಿ. ಗೆರೆಯ ಒಳಗೆ ಮರದ ಹಲಗೆ ಅಥವಾ ದಪ್ಪ ಪಾಲಿಥೀನ್ ಹಾಸಿ, ಅದರ ಮೇಲೆ ಥಪ್ಪಿ ಹಾಕಿಸಿ. ಬಾಯಲ್ಲಿ ಹೇಳಿದರೆ ಅವಸರದಲ್ಲಿ ಮರೆತುಹೋಗುತ್ತದೆ. ನೆಲದ ಮೇಲೆ ಬಿಳಿ ಗೆರೆ ಕಾಣುತ್ತಿದ್ದರೆ ಹಮಾಲರು ಮೊದಲ ಚೀಲವನ್ನು ಗೆರೆಗೆ ಸರಿಯಾಗಿ ಇಡುತ್ತಾರೆ, ಉಳಿದ ಚೀಲಗಳು ಅದನ್ನೇ ಹಿಡಿದು ಸಾಗುತ್ತವೆ, ಗೋಡೆಯ ತೇವ ಮಾಲಿಗೆ ತಾಗುವುದಿಲ್ಲ, ಹುಳ ಬಿದ್ದರೆ ಸುತ್ತ ನಡೆದು ನೋಡಲು ದಾರಿಯೂ ಉಳಿದಿರುತ್ತದೆ.